ದೂರ ಹೊಂಟ್ರೇನ್ರಿ?

ಹೊರಗೆ ಹೊರಡುವಾಗ ಎಲ್ಲಿಗೆ ಹೋಗುತ್ತೇನೆಂದು ಹೇಳುವುದು ನನಗೆ ಮೊದಲಿನಿಂದಲೂ ಆಗಿಬರದ ಸಂಗತಿ. ಮನೆಯಲ್ಲಿ ಕೇಳಿದರೆ "ಇಲ್ಲೇ" ಎನ್ನುತ್ತೇನೆ. ಈ "ಇಲ್ಲೇ" ನಮ್ಮ ಮನೆ ಹತ್ತಿರದ ಉಣಕಲ್ ಕೆರೆಯ ದಂಡೆಯಿಂದ ಹಿಡಿದು ಒಮ್ಮೆ ಬೆಳಗಾವಿಯವರೆಗೂ ಹಬ್ಬಿದ್ದುಂಟು. ಹಾಗಾಗಿ ನನ್ನ ಹೆಂಡತಿ ಸುಮಾ ನನ್ನನ್ನು ಹುಡುಕುವುದನ್ನೇ ಬಿಟ್ಟು, ಊಟದ ಹೊತ್ತಿಗೆ ಬಂದೇ ಬರುತ್ತಾರೆಂಬ ನಂಬಿಕೆಯ ಮೇಲೆ ಸಂಸಾರ ನಡೆಸಿಕೊಂಡು ಬಂದಿದ್ದಾಳೆ.

ಇಂಥವನ ಮಗಳು ವೀಣಾ ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ. ಮೊನ್ನೆ ರಜೆಗೆ ಬಂದಾಗ ಮುಖ ಸಪ್ಪಗಿತ್ತು. ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆಯ ಗುಂಡಿಯನ್ನು ಸ್ಟ್ಯಾಂಡ್‌ಬೈಯಲ್ಲೇ ಬಿಟ್ಟು ಮೇಲೇರಿಬಿಟ್ಟಿದ್ದಳಂತೆ. ಇನ್ನೊಮ್ಮೆ ಮರೆತರೆ ಒಬ್ಬಳನ್ನೇ ಹಾರಲು ಬಿಡುವುದಿಲ್ಲ ಎಂದು ಕಲಿಸುವವರು ಹೇಳಿದ್ದರು. ಪಾಠ ಗಟ್ಟಿಯಾಗಲೆಂದು ಅಡುಗೆಮನೆಯಲ್ಲಿ ಕೂತು ನಮ್ಮಿಬ್ಬರಿಗೂ ವಿವರಿಸಿದಳು. ಕೆಳಗಿನಿಂದ ರಾಡಾರ್ ಯಾರೆಂದು ಕೇಳುತ್ತದೆ. ಪೆಟ್ಟಿಗೆ ತನ್ನ ಗುರುತಿನ ಸಂಖ್ಯೆಯನ್ನೂ ಎತ್ತರವನ್ನೂ ಹೇಳುತ್ತದೆ. ಈಚಿನ ಉಪಕರಣಗಳಂತೂ ಯಾರೂ ಕೇಳದಿದ್ದರೂ, ಉಪಗ್ರಹದ ನೆರವಿನಿಂದ ತಾವಿರುವ ಜಾಗ ತಿಳಿದುಕೊಂಡು, ಸುತ್ತಲಿನವರಿಗೆಲ್ಲ ಸಾರುತ್ತಲೇ ಇರುತ್ತವೆ. ಸ್ಟ್ಯಾಂಡ್‌ಬೈ ಎಂದರೇನು ಎಂದು ನಾನು ಕೇಳಿದೆ. ಪೆಟ್ಟಿಗೆ ಎಚ್ಚರವಿರುತ್ತದೆ, ಬಾಯಿ ಮಾತ್ರ ಬಿಡುವುದಿಲ್ಲ ಎಂದಳು. ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಸುಮಾ ತಲೆ ಎತ್ತದೆ, "ಅದು ನನಗ ತಿಳೀತವಾ. ಇಷ್ಟು ವರ್ಷ ಅದರ ಸಂಗಾಟನ ಸಂಸಾರ ಮಾಡೇನಿ" ಎಂದಳು.

ನನಗೆ ಮಾತ್ರ ಅಪ್ಪ ನೆನಪಾದರು. ನಾನು ಹುಡುಗನಾಗಿದ್ದಾಗ ಧಾರವಾಡದಲ್ಲಿ ಕೆಲಗೇರಿ ಕಡೆಯ ನಮ್ಮ ಓಣಿಯಲ್ಲಿ ಪ್ರತಿ ಮನೆಗೂ ಒಂದು ಕಟ್ಟೆ, ಪ್ರತಿ ಕಟ್ಟೆಯ ಮೇಲೂ ಒಬ್ಬರು ಹಿರಿಯರು. ಹೊರಟವರನ್ನು "ಎಲ್ಲಿಗೆ" ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲವೆಂಬ ನಂಬಿಕೆ. ಕೇಳದಿದ್ದರೆ ಅವರಿಗೆ ಉಂಡ ಅನ್ನ ಅರಗದು. ಅದಕ್ಕೇ "ದೂರ ಹೊಂಟ್ರೇನ್ರಿ?" ಎನ್ನುತ್ತಿದ್ದರು. ಅಪ್ಪ ಅಷ್ಟಕ್ಕೂ ಕಾಯುತ್ತಿರಲಿಲ್ಲ. ಹೊಸ್ತಿಲು ದಾಟುತ್ತಲೇ ಕೊಡೆ ಎತ್ತಿ, "ಕೆರಿ ಕಡೆ ಹೊಂಟೇನ್ರಿ, ಬರೂಮುಂದ ಬದನಿಕಾಯಿ ತರ್ತೇನಿ, ದೀಪಾ ಹಚ್ಚೂದ್ರಾಗ ಮನ್ಯಾಗ ಇರ್ತೇನಿ" ಎಂದು ಇಡೀ ಓಣಿಗೆ ಸಾರುತ್ತ ನಡೆಯುತ್ತಿದ್ದರು. ಚೀಲ ಹಿಡಿದು ಹಿಂದೆ ಹೋಗುತ್ತಿದ್ದ ನನಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಗುತ್ತಿತ್ತು. ನನ್ನ "ಇಲ್ಲೇ" ಹುಟ್ಟಿದ್ದು ಅಲ್ಲಿಯೇ ಇರಬೇಕು.

ಒಂದು ಸಂಜೆ ಅಪ್ಪ ಕೆರೆಯ ದಂಡೆಯಲ್ಲಿ ತಲೆ ಸುತ್ತಿ ಕೂತುಬಿಟ್ಟರು. ದೀಪ ಹಚ್ಚುವ ಹೊತ್ತು ಮೀರಿದರೂ ಬಂದಿಲ್ಲವೆಂದು, ನಮಗೆ ಗಾಬರಿಯಾಗುವ ಮೊದಲೇ ಎದುರುಮನೆಯ ಕಾಕಾ ಹೋಗಿ ಟಾಂಗಾದಲ್ಲಿ ಕೂರಿಸಿಕೊಂಡು ಬಂದಿದ್ದರು. ಈಗ ಆ ಕಟ್ಟೆಗಳೂ ಇಲ್ಲ, ಅಪ್ಪನ ಕೂಗೂ ಇಲ್ಲ. ಅದನ್ನು ಇನ್ನೊಮ್ಮೆ ಕೇಳಬೇಕೆಂದು ಬಹಳ ಆಸೆಯಾಗುತ್ತದೆ.

ವೀಣಾ ಒಬ್ಬಳೇ ಹಾರುವ ದಿನ ಬಂತು. ವಿಮಾನಗಳನ್ನು ನಕ್ಷೆಯ ಮೇಲೆ ತೋರಿಸುವ ಆಪ್ ತೆರೆದು ಕೂತೆ. ಯಾರ್ಯಾರದೋ ವಿಮಾನಗಳು ಹಾದುಹೋದವು, ನನ್ನ ಮಗಳದು ಮೂಡಲೇ ಇಲ್ಲ. ಮತ್ತೆ ಗುಂಡಿ ಮರೆತಳೇ? ಇಷ್ಟು ದಿನದ ಕಷ್ಟ ನೀರುಪಾಲಾಯಿತೇ? ಅದಕ್ಕಿಂತ ಕೆಟ್ಟದ್ದೇನಾದರೂ ಆಗಿದ್ದರೆ? ಕೂರಲಾಗದೆ ಫೋನನ್ನು ಟೇಬಲ್ಲಿನ ಮೇಲೆಯೇ ಬಿಟ್ಟು, ಚಪ್ಪಲಿ ಮೆಟ್ಟಿ, ಕೆರೆಯ ದಂಡೆಗೆ ಹೋಗಿ ಸುತ್ತತೊಡಗಿದೆ.

ಮರಳಿ ಬಂದಾಗ ಸುಮಾ ಗೇಟಿನಲ್ಲಿ ನಿಂತಿದ್ದಳು, ಕಣ್ಣು ಕೆಂಪಾಗಿದ್ದವು. ಊಟದ ಹೊತ್ತು ಮೀರಿತ್ತೆಂಬುದು ನನಗೆ ಆಗ ಹೊಳೆಯಿತು. ಫೋನು ಕೈಗಿಟ್ಟಳು. ಆ ಕಡೆ ವೀಣಾ. ಗುಂಡಿಯನ್ನು ನೆನಪಿಟ್ಟು ತಿರುಗಿಸಿದ್ದಳಂತೆ, ಎಲ್ಲ ಸರಿಯಾಗಿತ್ತಂತೆ. ಸುತ್ತಮುತ್ತ ಸಂಕೇತ ಹಿಡಿಯುವ ಯಂತ್ರವಿಲ್ಲದಿದ್ದರೆ ಕಡಿಮೆ ಎತ್ತರದಲ್ಲಿ ಹಾರುವ ವಿಮಾನ ಆಪಿನಲ್ಲಿ ಕಾಣುವುದಿಲ್ಲವಂತೆ.

"ಅಪ್ಪಾ, ನಾ ಇಳದು ಭಾಳ ಹೊತ್ತಾತು. ನೀ ಎಲ್ಲಿದ್ದಿ?"

ಕೆರೆಗೆ ಹೋಗಿದ್ದೆ ಎನ್ನಲು ಬಾಯಿ ತೆರೆದೆ. "ಇಲ್ಲೇ" ಎಂದೇ ಬಂತು.

ಮರುದಿನ ಸಂಜೆ ಹೊಸ್ತಿಲು ದಾಟಿ, ಗಂಟಲು ಸರಿಮಾಡಿಕೊಂಡು, "ಕೆರಿ ಕಡೆ ಹೊಂಟೇನ್ರಿ, ದೀಪಾ ಹಚ್ಚೂದ್ರಾಗ ಬರ್ತೇನಿ" ಎಂದು ಕೂಗಿದೆ. ಓಣಿಯ ಮನೆಗಳ ಬಾಗಿಲೆಲ್ಲ ಮುಚ್ಚಿದ್ದವು. ನಮ್ಮ ಅಡುಗೆಮನೆಯಿಂದ ಮಾತ್ರ ಉತ್ತರ ಬಂತು: "ಬರೂಮುಂದ ಬದನಿಕಾಯಿ ತರ್ರಿ."