ಕೋಳಿಗಳ ಪಥ್ಯ, ನನ್ನ ಪತ್ತೇದಾರಿ

"ಒಂದು ವಾರ ಕೊಡು, ಲೋರ್ನಾ! ಮೂರೂ ಕೋಳಿಗಳು ನಾನು ಹಾಕಿದ್ದನ್ನ ತುಟಿ ಪಿಟಕ್ಕೆನ್ನದೆ ತಿನ್ನೋ ಹಾಗೆ ಮಾಡ್ತೀನಿ!"

"ಕೋಳಿಗೆ ತುಟಿ ಇರಲ್ಲ, ನೆವಿಲ್," ಎಂದಳು ನನ್ನ ಹೆಂಡತಿ.

ಇರಲಿ ಬಿಡಿ. ನಾನು ಆಸ್ಟ್ರೇಲಿಯಾದ ಟುವೂಂಬಾದಲ್ಲಿ ಮೂವತ್ತನಾಲ್ಕು ವರ್ಷ ಶಾಲಾ ಬಸ್ಸು ಓಡಿಸಿದವನು. ಹಿಂದಿನ ಸೀಟಿನ ಪುಂಡರನ್ನು ಕನ್ನಡಿಯಲ್ಲಿ ಒಮ್ಮೆ ದುರುಗುಟ್ಟಿ ನೋಡಿಯೇ ಕೂರಿಸಿದವನು. ಅಂಥವನಿಗೆ ಹಿತ್ತಲಿನ ಮೂರು ಕೋಳಿಗಳು ಯಾವ ಲೆಕ್ಕ!

ಆದದ್ದಿಷ್ಟು. ಲೋರ್ನಾಳ ಕಣ್ಮಣಿ ಡಚೆಸ್ ಒಂದು ಬೆಳಿಗ್ಗೆ ಚಿಪ್ಪೇ ಇಲ್ಲದ ಮೊಟ್ಟೆ ಇಟ್ಟಿತು. ನೀರು ತುಂಬಿದ ಬಲೂನಿನಂತೆ ಅದು ಕೈಯಲ್ಲಿ ತುಳುಕಿತು. ಮರುದಿನ ಡಚೆಸ್ ಬಾಲ ಇಳಿಬಿಟ್ಟು, ಏದುಸಿರು ಬಿಡುತ್ತ ಮೂಲೆ ಹಿಡಿಯಿತು. ಲೋರ್ನಾ ಅದನ್ನು ಸ್ನಾನದ ಟವೆಲ್ಲಿನಲ್ಲಿ ಸುತ್ತಿಕೊಂಡು ಪಶುವೈದ್ಯೆಯ ಬಳಿ ಓಡಿದಳು. ಹಿಂದೆ ನಾನು.

"ಇದಕ್ಕೆ ಏನೇನು ಹಾಕ್ತೀರಿ?" ಎಂದಳು ವೈದ್ಯೆ, ನೋಡಿದರೆ ಮೊಮ್ಮಗಳೆನ್ನಬೇಕು ಅಷ್ಟು ಚಿಕ್ಕವಳು.

ನಾನು ಲೋರ್ನಾಳನ್ನು ನೋಡಿದೆ. ಲೋರ್ನಾ ನನ್ನನ್ನು ನೋಡಿದಳು. ಕೇಕಿನ ಚೂರು, ಪಾಸ್ತಾ, ಬೆಣ್ಣೆ ಸವರಿದ ಟೋಸ್ಟು! ಇಬ್ಬರೂ ಒಟ್ಟಿಗೆ ನೆಲ ನೋಡಿದೆವು.

"ಅದೆಲ್ಲ ಬಂದ್," ಎಂದಳು ಆಕೆ ನಮ್ಮ ಮುಖ ನೋಡಿಯೇ. "ಹತ್ತರಲ್ಲಿ ಒಂಬತ್ತು ಪಾಲು ಮೊಟ್ಟೆ ಕೋಳಿಗಳಿಗೇ ಅಂತ ಗುಳಿಗೆ ಥರ ಮಾಡಿರೋ ಮೇವು. ಒಂದು ಪಾಲು ಸೊಪ್ಪು. ಪಕ್ಕದಲ್ಲಿ ಚಿಪ್ಪಿನ ಪುಡಿ. ಸಮತೋಲನ ಆಹಾರ ಕೊಡದೆ ಹೋದ್ರೆ ಮುಂದಿನ ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವಕ್ಕೇ ಅಪಾಯ."

ಲೋರ್ನಾಳ ಕಣ್ಣು ತುಂಬಿತು. ಕಾರಿನಲ್ಲಿ ಮನೆಗೆ ಬರುತ್ತಲೇ ನಾನು ಮೇಲೆ ಹೇಳಿದ ಭೀಷ್ಮ ಪ್ರತಿಜ್ಞೆ ಮಾಡಿದ್ದು. ಅಂದೇ ಮೇವಿನ ಅಂಗಡಿಗೆ ಹೋಗಿ, ಕೆಳಗಿನ ಸಾಲಿನಿಂದ ಇಪ್ಪತ್ತು ಕಿಲೋ ಚೀಲವನ್ನು ಸೊಂಟ ಹಿಡಿದುಕೊಂಡು ಎತ್ತಿ ತಂದು, ಶೆಡ್ಡಿನ ತಗಡಿನ ಡ್ರಮ್ಮಿಗೆ ಸುರಿದೆ.

ಮೊದಲ ದಿನ ಬಟ್ಟಲು ತುಂಬ ಗುಳಿಗೆ ಇಟ್ಟೆ. ಡಚೆಸ್ ಕತ್ತು ವಾರೆ ಮಾಡಿ ಒಂದು ಕಣ್ಣಿನಿಂದ ಬಟ್ಟಲನ್ನು ನೋಡಿತು. ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡಿತು. ಬಿಳಿ ಕೋಳಿ ಪಾವ್ಲೋವಾ ಎರಡು ಹೆಜ್ಜೆ ಹಿಂದೆ ಸರಿಯಿತು. ಮಿಲ್ಡ್ರೆಡ್ ಮಾತ್ರ ಒಂದು ಗುಳಿಗೆ ಎತ್ತಿ, ಉಗುಳಿ, ಕೊಕ್ಕನ್ನು ನೆಲಕ್ಕೆ ಉಜ್ಜಿ ಉಜ್ಜಿ ಒರೆಸಿಕೊಂಡಿತು. ಮೂಗು ಮುರಿಯುವವರನ್ನು ಕಂಡಿದ್ದೆ. ಕೊಕ್ಕು ಮುರಿಯುವುದನ್ನು ಕಂಡದ್ದು ಅಂದೇ!

ಎರಡನೆಯ ದಿನ ಬಿಸಿನೀರಿನಲ್ಲಿ ನೆನೆಸಿದೆ. ಗುಳಿಗೆಗಳು ಗಳಿಗೆಯಲ್ಲೇ ಉಬ್ಬಿ ಪುಡಿಯಾದವು.

"ನೋಡಿದ್ಯಾ, ಎಷ್ಟು ಬೇಗ ಅರಗತ್ತೆ! ಪರಿಮಳ ನೋಡು, ಕಾಡಿನ ಗಾಳಿ ಥರ!"

ಲೋರ್ನಾ ಮೂಸಿ ನೋಡಿದಳು. "ನೆಲ ಒರೆಸೋ ಔಷಧಿ ಥರ ಇದೆ," ಎಂದು ಒಳಗೆ ಹೋದಳು. ಕೋಳಿಗಳು ಅದರ ಮೇಲೆ ನಡೆದುಕೊಂಡು ಹೋದವು.

ನಾಲ್ಕನೆಯ ದಿನ ಡಚೆಸ್ ಗಟ್ಟಿ ಚಿಪ್ಪಿನ, ಕಂದು ಬಣ್ಣದ, ಚೆಂದದ ಮೊಟ್ಟೆಯೊಂದನ್ನು ಇಟ್ಟು ಊರಿಗೆಲ್ಲ ಕೇಳುವಂತೆ ಕೂಗಿತು. ಲೋರ್ನಾ ನನ್ನ ಕೆನ್ನೆಗೆ ಮುತ್ತಿಟ್ಟಳು. "ಗೆದ್ದೆ ನೋಡು, ನೆವಿಲ್!"

ಗೆದ್ದೆನೇ? ಡ್ರಮ್ಮಿನ ಮುಚ್ಚಳ ತೆಗೆದು ನೋಡಿದೆ. ಮೇವು ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಸಂಜೆ ಡಚೆಸ್‌ನ ಕತ್ತಿನ ಕೆಳಗಿನ, ತಿಂದದ್ದು ಕೂಡುವ ಚೀಲವನ್ನು ಒತ್ತಿ ನೋಡಿದರೆ ಕ್ರಿಕೆಟ್ ಚೆಂಡಿನಂತೆ ಬಿಗಿದಿತ್ತು! ನನ್ನದನ್ನು ಮುಟ್ಟದ ಈ ಮಹಾರಾಣಿಯ ಹೊಟ್ಟೆಗೆ ಏನು ಬೀಳುತ್ತಿದೆ? ಹಾಕುತ್ತಿರುವವರು ಯಾರು?

ಅನುಮಾನದ ಹುಳ ತಲೆ ಹೊಕ್ಕಿತು. ಮೊದಲ ಶಂಕಿತೆ, ಮೂವತ್ತೊಂಬತ್ತು ವರ್ಷ ಜೊತೆಗೆ ಬಾಳಿದ ನನ್ನ ಧರ್ಮಪತ್ನಿ! ಆಕೆ ಬಟ್ಟೆ ಒಣಗಿಸಲು ಹೊರಗೆ ಹೋದಾಗ ನಾನು ಅಡುಗೆಮನೆಗೆ ನುಗ್ಗಿ ಬ್ರೆಡ್ಡಿನ ಹೋಳುಗಳನ್ನು ಎಣಿಸಿದೆ.

"ಏನ್ ಮಾಡ್ತಿದ್ದೀಯಾ?" ಬಾಗಿಲಲ್ಲೇ ನಿಂತಿದ್ದಳು.

"ಬ್ರೆಡ್... ತಾಜಾ ಇದೆಯಾ ಅಂತ."

"ಹದಿನಾಲ್ಕು, ಹದಿನೈದು ಅಂತ ಬಾಯಲ್ಲಿ ಹೇಳ್ಕೊಂಡು ತಾಜಾತನ ನೋಡ್ತಾರಾ? ನನ್ನ ಮೇಲೇ ಅನುಮಾನಾನಾ? ಡಚೆಸ್‌ಗೆ ಕೇಕ್ ತಿನ್ನಿಸಿ ಸಾಯಿಸ್ತೀನಾ ನಾನು?"

ಆಕೆ ಬ್ರೆಡ್ಡನ್ನು ನನ್ನ ಕೈಯಿಂದ ಕಿತ್ತುಕೊಂಡಳು. ನನಗೂ ಪಿಚ್ಚೆನಿಸಿತು. ಆದರೆ ಅನುಮಾನ ಎನ್ನುವುದು ಶಾಲಾ ಬಸ್ಸಿನಂತೆ. ಒಂದು ನಿಲ್ದಾಣದಲ್ಲಿ ಯಾರೂ ಹತ್ತದಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಮುಂದಿನ ನಿಲ್ದಾಣ ಪಕ್ಕದ ಮನೆಯ ಲೋಸೆಲಿ.

ಲೋಸೆಲಿ ಟೋಂಗಾ ದ್ವೀಪದವಳು, ವೃದ್ಧಾಶ್ರಮದ ಅಡುಗೆಯವಳು. ಆಕೆ ನಕ್ಕರೆ ಮೂರು ಮನೆಯಾಚೆಗೆ ಕೇಳುತ್ತದೆ. ಆಕೆಗೂ ನಾಲ್ಕು ಕೋಳಿಗಳಿವೆ. ಯಾರನ್ನೇ ಕಂಡರೂ "ಊಟ ಆಯ್ತಾ?" ಎನ್ನುವ ಹೆಂಗಸು. ಕೋಳಿಗಳನ್ನು ಕೆಡಿಸಲು ಇನ್ನೇನು ಬೇಕು?

ಮರುದಿನ ಮಧ್ಯಾಹ್ನ ಬಕೆಟ್ ಬೋರಲು ಹಾಕಿ, ಅದರ ಮೇಲೆ ಹತ್ತಿ, ನಮ್ಮಿಬ್ಬರ ನಡುವಿನ ಮರದ ಬೇಲಿಯ ತೂತಿಗೆ ಕಣ್ಣಿಟ್ಟೆ.

ಆ ಕಡೆಯಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು!

"ಅಯ್ಯೋ!" ಎಂದೆ ನಾನು. "ಅಯ್ಯೋ!" ಎಂದಿತು ಬೇಲಿ. ಬಕೆಟ್ ಜಾರಿತು. ಕೋಳಿಗಳ ಸಮತೋಲನ ಕಾಯಲು ಹೋಗಿ ನನ್ನ ಸಮತೋಲನ ತಪ್ಪಿ ನಿಂಬೆಗಿಡದೊಳಗೆ ಬಿದ್ದೆ. ಮುಳ್ಳುಗಳು ಎಲ್ಲೆಲ್ಲಿ ಚುಚ್ಚಿದವೆಂದು ಬರೆಯಲಾರೆ.

ಲೋಸೆಲಿ ಗೇಟು ತಳ್ಳಿಕೊಂಡು ಬಂದಳು. ಸದ್ದು ಕೇಳಿ ಲೋರ್ನಾ ಓಡಿ ಬಂದಳು.

"ನನ್ನ ಕೋಳಿಗಳಿಗೆ ಕದ್ದು ತಿನ್ನಿಸ್ತಿರೋದು ನೀನೇ ತಾನೆ?" ಎಂದೆ, ಗಿಡದೊಳಗಿಂದಲೇ.

"ನನ್ನ ಕೋಳಿಗಳ ಮೇವು ಕದೀತಿರೋದು ನೀನೇ ತಾನೆ?" ಎಂದಳು ಆಕೆ. "ಎರಡು ವಾರಕ್ಕೆ ಬರೋ ಚೀಲ ಐದೇ ದಿನಕ್ಕೆ ಖಾಲಿ! ನಿನ್ನೆಯಿಂದ ಕಾವಲು ಕೂತಿದ್ದೀನಿ!"

ಕಾಲು ಕೆರೆದು ಜಗಳಕ್ಕೆ ನಿಂತ ನಮ್ಮಿಬ್ಬರ ನಡುವೆಯೇ, ನಿಜಕ್ಕೂ ಕಾಲು ಕೆರೆಯುವ ಮೂವರು ಸಾಲಾಗಿ ನಡೆದು ಬಂದರು. ಮುಂದೆ ಡಚೆಸ್, ಹಿಂದೆ ಮಿಲ್ಡ್ರೆಡ್, ಕೊನೆಗೆ ಪಾವ್ಲೋವಾ. ಗೊಬ್ಬರದ ಗುಂಡಿಯ ಹಿಂದೆ ಬೇಲಿಯಡಿಯಲ್ಲಿ ತಾವೇ ಕೆರೆದು ಮಾಡಿದ್ದ ಸಂದಿಯಲ್ಲಿ ತಲೆ ತಗ್ಗಿಸಿ ನುಸುಳಿ, ಲೋಸೆಲಿಯ ಹಿತ್ತಲು ಸೇರಿದವು. ನಾವು ಮೂವರೂ ಮೊಣಕಾಲೂರಿ ಅದೇ ಸಂದಿಯಲ್ಲಿ ಇಣುಕಿದೆವು. ಆಕೆಯ ಬಟ್ಟಲಿನಿಂದ ಗುಳಿಗೆ ಮೇವನ್ನು ಟಕಟಕನೆ ಮುಕ್ಕಿ, ಚಿಪ್ಪಿನ ಪುಡಿ ಕುಕ್ಕಿ, ಮೇಲೆ ಸೊಪ್ಪು ತಿಂದವು. ವೈದ್ಯೆ ಹೇಳಿದ ಪಟ್ಟಿಯಂತೆ, ಅದೇ ಕ್ರಮದಲ್ಲಿ!

"ಅದೂ ಗುಳಿಗೆ, ಇದೂ ಗುಳಿಗೆ!" ನನಗೆ ಅವಮಾನದಿಂದ ಮೈ ಉರಿಯಿತು. "ನನ್ನದಕ್ಕೇನಾಗಿದೆ? ಹಿತ್ತಲ ಗಿಡ ಮದ್ದಲ್ಲ ಅನ್ನೋ ಕೊಬ್ಬು ಇವಕ್ಕೆ!"

ಶೆಡ್ಡಿಗೆ ಹೋಗಿ ಒಂದು ಹಿಡಿ ತಂದೆ. ಇಬ್ಬರು ಹೆಂಗಸರ ಎದುರೇ ಬಾಯಿಗೆ ಹಾಕಿಕೊಂಡು ಕಟಕಟನೆ ಅಗಿದೆ.

"ನೋಡಿ! ಶುದ್ಧ... ಪೌಷ್ಟಿಕ..." ಬಾಯಲ್ಲಿದ್ದ ಎಂಜಲನ್ನೆಲ್ಲ ಅದು ಹೀರಿ, ಉಬ್ಬಿ, ಅಂಗುಳಿಗೆ ಗಾರೆಯಂತೆ ಮೆತ್ತಿಕೊಂಡಿತ್ತು. ಹಟ ಹಿಡಿದು ನುಂಗಿದೆ.

ಲೋಸೆಲಿ ನೆಲಕ್ಕೆ ಬಿದ್ದ ಒಂದನ್ನು ಎತ್ತಿ ಮೂಸಿದಳು. "ನೆವಿಲ್, ಚೀಲ ಎಲ್ಲಿದೆ?"

ಲೋರ್ನಾ ಚೀಲ ತಂದು, ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದಳು. "ಬೆಕ್ಕಿನ ಕಕ್ಕಸಿನ ತಟ್ಟೆಗೆ. ಅಪ್ಪಟ ಪೈನ್ ಮರದ ಹೊಟ್ಟು. ದುರ್ವಾಸನೆ ಹೀರುತ್ತದೆ."

ಚೀಲದ ಮೇಲೆ ದೊಡ್ಡದೊಂದು ಬೆಕ್ಕಿನ ಚಿತ್ರವಿತ್ತು. ಅಂಗಡಿಯಲ್ಲಿ ಅದು ನನ್ನ ಕಣ್ಣಿಗೂ ಬಿದ್ದಿತ್ತು. ಕಂಪನಿಯ ಗುರುತಿರಬೇಕು ಎಂದುಕೊಂಡಿದ್ದೆ! ಹೆಂಡತಿ, ನೆರೆಮನೆಯವಳು, ಬ್ರೆಡ್ಡು, ಎಲ್ಲವನ್ನೂ ಶಂಕಿಸಿದ ನನಗೆ ಆ ಬೆಕ್ಕಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅನುಮಾನಿಸಬೇಕಾದವನನ್ನು ಮೊದಲ ದಿನವೇ ಅನುಮಾನಿಸಿದ್ದು ಆ ಮೂರು ಕೋಳಿಗಳು.

ಲೋಸೆಲಿ ಬೇಲಿ ಹಿಡಿದುಕೊಂಡು ನಗುತ್ತಿದ್ದಳು. ಲೋರ್ನಾ ನಗಲಿಲ್ಲ. ಫೋನು ತೆಗೆದು, ನನಗೂ ಕೇಳುವಂತೆ ಧ್ವನಿ ಜೋರು ಮಾಡಿ, ವೈದ್ಯೆಗೆ ಕರೆ ಮಾಡಿದಳು.

"ಬೆಕ್ಕಿನ ತಟ್ಟೆಗೆ ಹಾಕೋ ಗುಳಿಗೆ ಹೊಟ್ಟೆಗೆ ಹೋಗಿಬಿಟ್ಟಿದೆ. ಒಂದು ಹಿಡಿ."

"ಅಷ್ಟೊಂದಾ! ಡಚೆಸ್ ಹೇಗಿದೆ? ಉಸಿರಾಡ್ತಿದೆಯಾ?"

"ಡಚೆಸ್ ಚೆನ್ನಾಗಿದೆ. ಕೋಳಿಗಳು ಬುದ್ಧಿವಂತರು, ಮುಟ್ಟೇ ಇಲ್ಲ. ತಿಂದಿರೋದು ನನ್ನ ಗಂಡ."

ಆ ಕಡೆಯಿಂದ ಕೆಮ್ಮಿನಂಥದ್ದೇನೋ ಕೇಳಿಸಿತು. "ಸಾರಿ, ನಾವಿಲ್ಲಿ ಗಂಡಂದಿರನ್ನ ನೋಡಲ್ಲ."

"ಪರವಾಗಿಲ್ಲ ಬಿಡಮ್ಮ," ಎಂದಳು ಲೋರ್ನಾ, "ಇನ್ಮೇಲೆ ಇವನೂ ಕೋಳಿಗಳನ್ನ ನೋಡಲ್ಲ."