ಕಾಟಾ ಹತ್ತಿದ ಮೊಮ್ಮಗಳು

ನನಗೆ ಯಾರ ಮೇಲೂ ನಂಬಿಕೆಯಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನೌಕರಿಯಲ್ಲಿ ಹತ್ತಿದ ಚಟ, ನಿವೃತ್ತಿಯಾದರೂ ಬಿಟ್ಟಿಲ್ಲ. ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ತೂಗುವ ಕಾಟಾದ ಮುಂದೆ ಆಯುಷ್ಯ ಕಳೆದವನು ನಾನು. ಹೇರಿನ ನಡುವೆ ಕಲ್ಲು ತುಂಬಿದವರನ್ನು ಕಂಡಿದ್ದೇನೆ, ಕಬ್ಬಿಗೆ ನೀರು ಹೊಡೆದು ತಂದವರನ್ನು ಕಂಡಿದ್ದೇನೆ. ತೂಕದ ಹೊತ್ತಿಗೆ ಸರಿಯಾಗಿ ಟ್ರಾಲಿಗೆ ಜೋತುಬಿದ್ದು, "ಹಗ್ಗಾ ಬಿಗಿಯಾಕತ್ತೇನ್ರಿ ಸಾಹೇಬ್ರ" ಎಂದವನನ್ನು ಕೆಳಗಿಳಿಸಿದ್ದೇನೆ. ಅಂಥವನು ಐನಾಪುರದ ಮನೆಯಲ್ಲಿ ಸುಮ್ಮನೆ ಕೂತರೆ ಸಂಶಯಕ್ಕೂ ಏನಾದರೂ ಮೇವು ಬೇಕಲ್ಲ? ಅಷ್ಟರಲ್ಲಿ ನಾಲ್ಕು ವರ್ಷದ ಮೊಮ್ಮಗಳು ಶ್ರಾವಣಿಯನ್ನು ಅಂಗನವಾಡಿಗೆ ಹಾಕಿದರು.

ಬೆಳಿಗ್ಗೆ ಉಳಿದವರೆಲ್ಲ ಕೆಲಸದ ಗಡಿಬಿಡಿಯಲ್ಲಿರುವಾಗ ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಕಪ್ಪಿನ ಚಹಾವನ್ನು ಒಂದೇ ಬಶಿಗೆ ಸುರಿದುಕೊಂಡು ಕುಡಿಯುವವರು. ವಿಚಾರಣೆ ನಡೆಯುವುದೂ ಆಗಲೇ. "ನಿನ್ನೆ ಏನ್ ಕಲಿತೆವಾ?" ಎಂದರೆ "ಮಣಿ ಪೋಣಿಸಿದ್ವಿ" ಎನ್ನುತ್ತಾಳೆ. ಮರುದಿನ, "ಉಸುಕಿನ್ಯಾಗ ಆಡಿದ್ವಿ." ಅದರ ಮರುದಿನ, "ಪಾಳಿ ಹಚ್ಚಿ ಕೈ ತೊಳಕೊಂಡ್ವಿ." ಪಾಟಿ ತೆಗೆದು ನೋಡಿದರೆ ಒಂದಕ್ಷರವಿಲ್ಲ. ಇದಕ್ಕೆ ಸರ್ಕಾರ ಬೇಕೆ? ಮೊಟ್ಟೆ ಕೊಡುವ ದಿನ ಅವಳ ಬಾಯಿ ಮೂಸಿ ನೋಡುತ್ತಿದ್ದೆ. ವಾಸನೆ ಬಾರದಿದ್ದರೆ ಕೊಟ್ಟಿಲ್ಲವೆಂಬ ಸಂಶಯ. ಬಂದರೆ, ಅರ್ಧವೇ ಕೊಟ್ಟಿರಬೇಕೆಂಬ ಸಂಶಯ. "ಮಾವಾರ, ಅದು ಅಂಗನವಾಡಿ ಐತ್ರಿ, ನಿಮ್ಮ ಕಾರ್ಖಾನಿ ಗೇಟ್ ಅಲ್ಲ" ಎಂದು ಸೊಸೆ ಎಷ್ಟೋ ಸಲ ಹೇಳಿದಳು.

ಹೀಗಿರುವಾಗ ಅಂಗನವಾಡಿಯ ಅಕ್ಕೋರು ಸೊಸೆಯನ್ನು ಕರೆಸಿದರು. ಅಲ್ಲಿ ತಿಂಗಳಿಗೊಮ್ಮೆ ಮಕ್ಕಳನ್ನು ತೂಗುತ್ತಾರೆ. ಎರಡು ತಿಂಗಳಿಂದ ಶ್ರಾವಣಿಯ ತೂಕ ಏರಿಲ್ಲವಂತೆ. ಬೆಳವಣಿಗೆಯ ಪಟ್ಟಿಯಲ್ಲಿ ಅವಳ ಗುರುತು ಹಸಿರಿನಿಂದ ಹಳದಿಗೆ ಇಳಿದಿದೆಯಂತೆ. ಈ ಸಲವೂ ಹಾಗೇ ಇದ್ದರೆ ದವಾಖಾನೆಗೆ ತೋರಿಸಬೇಕಂತೆ. ಹೆದರಿಕೆಯಾಯಿತೆಂದು ಒಪ್ಪಿಕೊಳ್ಳುವುದಕ್ಕಿಂತ ಸಂಶಯಪಡುವುದು ನನಗೆ ಸುಲಭ. "ಕೂಸು ಬರೋಬ್ಬರಿ ಐತಿ. ಅವರ ಕಾಟಾ ತಪ್ಪೈತಿ" ಎಂದು ತೀರ್ಪು ಕೊಟ್ಟೆ. ಅವಳನ್ನು ಕಿರಾಣಿ ಅಂಗಡಿಗೆ ಕರೆದೊಯ್ದು ಜೋಳದ ಚೀಲ ತೂಗುವ ಕಾಟಾದ ಮೇಲೆ ಕೂರಿಸಿದೆ. ಅದೂ ಅಷ್ಟೇ ತೋರಿಸಿತು. ಆ ಅಂಗಡಿಯವನ ಮೇಲೂ ಅಂದಿನಿಂದ ನನಗೊಂದು ಕಣ್ಣು.

ತೂಕದ ದಿನ ಬಂತು. ಮುಂದೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಮುಷ್ಟಿಗಾತ್ರದ ಬೆಲ್ಲದ ಹೆಂಟೆಯನ್ನು ಕಾಗದದಲ್ಲಿ ಸುತ್ತಿ ಅವಳ ಫ್ರಾಕಿನ ಜೇಬಿಗೆ ತುರುಕಿ, ಅಂಗನವಾಡಿಯ ಕಿಟಕಿಯ ಹೊರಗೆ ನಿಂತೆ. ಕಬ್ಬಿನ ಹೇರಿನಲ್ಲಿ ಕಲ್ಲು ಹುಡುಕಿದ ಮನುಷ್ಯ!

ಪಾಳಿಯಲ್ಲಿ ನಿಂತ ಶ್ರಾವಣಿ ಜೇಬಿನಿಂದ ಬೆಲ್ಲ ತೆಗೆದು ನೆಟ್ಟಗೆ ಅಕ್ಕೋರ ಕೈಗಿಟ್ಟಳು. "ಎಲ್ಲಾರಿಗೂ ರೀ" ಎಂದಳು. ತಿನ್ನುವುದೇನು ತಂದರೂ ಹಂಚಿಕೊಂಡೇ ತಿನ್ನಬೇಕೆಂಬುದು ಅಲ್ಲಿನ ಪಾಠವಂತೆ. ಆಮೇಲೆ ತಲೆ ಮುಟ್ಟಿ ಮುಟ್ಟಿ ಹನ್ನೊಂದು ಮಕ್ಕಳನ್ನೂ ಎಣಿಸಿದಳು, ಒಂದೂ ತಪ್ಪಲಿಲ್ಲ. ಪಾಟಿಯಲ್ಲಿ ಇಲ್ಲದ್ದು ತಲೆಯಲ್ಲಿತ್ತು. ನನ್ನ ಕಣ್ಣು ತುಂಬಿತು, ಆದರೆ ಒರೆಸಿಕೊಳ್ಳಲೂ ಪುರಸೊತ್ತು ಸಿಗಲಿಲ್ಲ.

"ಬೆಲ್ಲಾ ಯಾರ್ ಕೊಟ್ರವಾ?" ಎಂದರು ಅಕ್ಕೋರು.

"ಅಜ್ಜ. ಕಾಟಾ ಇಳಿಯೂತನಕಾ ತಿನಬ್ಯಾಡ ಅಂದಾನ."

ಅಕ್ಕೋರು ಕಿಟಕಿಯತ್ತ ನೋಡಿದರು. "ಒಳಗ ಬರ್ರಿ ಅಜ್ಜಾರ, ಬಿಸಲಾಗ ಯಾಕ ನಿಂತೀರಿ?" ನಾನು ಕಳ್ಳನ ಹಾಗೆ ಒಳಗೆ ಹೋದೆ. ಅವರು ನನ್ನನ್ನು ಬೈಯಲಿಲ್ಲ, ಶ್ರಾವಣಿಯನ್ನು ತೂಗಿದರು. ಮುಳ್ಳು ಹೋದ ತಿಂಗಳ ತೂಕದಲ್ಲೇ ನಿಂತಿತ್ತು. "ಮುಂಜಾನೆ ಏನ್ ತಿಂದೀ?" ಎಂದು ಅವಳನ್ನೇ ಕೇಳಿದರು.

"ಅಜ್ಜನ ಕೂಡ ಚಾ ಕುಡದ್ನಿ. ಎರಡ ಬಶಿ."

"ಆಮ್ಯಾಗ ರೊಟ್ಟಿ?"

"ಹಸಿವೇ ಆಗಂಗಿಲ್ರಿ."

ಅಕ್ಕೋರು ಮೆತ್ತಗೆ ಹೇಳಿದರು: "ಅಜ್ಜಾರ, ಚಾ ಸಣ್ಣ ಹುಡುಗರ ಹಸಿವಿ ಕೊಲ್ಲತೈತ್ರಿ. ಹಾಲ ಕೊಡ್ರಿ, ರೊಟ್ಟಿ ತಿನಸ್ರಿ. ಎರಡ ತಿಂಗಳ ನೋಡೂಣು, ಆಗೂ ಏರಲಿಲ್ಲಂದ್ರ ದವಾಖಾನಿಗೆ ತೋರಸೂಣು." ಊರವರ ಟ್ರಾಲಿಯ ಕೆಳಗೆಲ್ಲ ಬಗ್ಗಿ ನೋಡಿದ ನಾನು ನನ್ನ ಕೈಯ ಬಶಿಯನ್ನು ಮಾತ್ರ ನೋಡಿರಲಿಲ್ಲ.

ಈಗ ಅವಳ ಗುರುತು ಹಸಿರಿಗೆ ಮರಳಿದೆ. ಅಂಗನವಾಡಿಯ ಕಾಟಾ ಸರಿಯಿದೆ ಎಂದು ನಾನೂ ದೊಡ್ಡ ಮನಸ್ಸು ಮಾಡಿ ಒಪ್ಪಿದ್ದೇನೆ. ದಿನಾ ಬೆಳಿಗ್ಗೆ ಅವಳಿಗೆ ಹಾಲು ಕೊಡುವ ಕೆಲಸ ನನ್ನದೇ. ಅವಳು ಲೋಟ ತೆಗೆದುಕೊಂಡು ಮೊದಲು ಮೂಸುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ.

"ಅಜ್ಜಾ, ಇದರಾಗ ಚಾ ಹಾಕಿಲ್ಲಲ್ಲ?"

"ಇಲ್ಲವಾ, ಖರೇನ ಇಲ್ಲ" ಎನ್ನುತ್ತೇನೆ. ನಂಬುವುದಿಲ್ಲ. ಒಳಗೆ ಹೋಗಿ ಅವ್ವನಿಗೆ ತೋರಿಸಿ ಬಂದಮೇಲೆಯೇ ಕುಡಿಯುತ್ತಾಳೆ.