ಮೆಟ್ಟಿಲ ದೀಪದ ಹೆಚ್ಚುವರಿ ವೈರು

ಮೆಟ್ಟಿಲ ದೀಪ ಕೈಕೊಟ್ಟು ಎರಡು ವಾರವಾಗಿತ್ತು. ಪೂರ್ತಿ ಕೈಕೊಟ್ಟಿದ್ದರೆ ಯಜಮಾನರಿಗೂ ನೆಮ್ಮದಿ ಇರುತ್ತಿತ್ತು. ಇದು ಮನಸ್ಸು ಬಂದರೆ ಉರಿಯುತ್ತಿತ್ತು, ಇಲ್ಲದಿದ್ದರೆ ಮುಖ ಗಂಟಿಕ್ಕಿಕೊಂಡು ಕೂರುತ್ತಿತ್ತು. ಕೆಳಗಿನ ಸ್ವಿಚ್ ಒತ್ತಿದರೆ ಸುಮ್ಮನೆ, ತಡವರಿಸುತ್ತ ಮೇಲೆ ಹತ್ತಿ ಅಲ್ಲಿನ ಸ್ವಿಚ್ ಒತ್ತಿದರೆ ಅದಕ್ಕೂ ಸುಮ್ಮನೆ, ಮತ್ತೆ ಕೆಳಗಿಳಿದು ಇನ್ನೊಮ್ಮೆ ಒತ್ತಿದರೆ ಝಗ್ಗನೆ ಬೆಳಕು.

ಅಚ್ಚುಮನೆಯಲ್ಲಿ ಕರಡು ತಿದ್ದುವ ಯಜಮಾನರು ಮೂರು ಬಲ್ಬು ಬದಲಾಯಿಸಿದರು, ಹೋಲ್ಡರ್ ಉಜ್ಜಿದರು, ಕೊನೆಗೆ ಕರೆಂಟೇ ಸರಿಯಿಲ್ಲವೆಂದು ಘನಗಂಭೀರ ತೀರ್ಪು ಕೊಟ್ಟರು. (ಅದೇ ಕರೆಂಟಿನಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ನಿನ ಮೋಟಾರು ದಿನವಿಡೀ ಗಿರ್ರೆನ್ನುತ್ತಿದ್ದುದು ತೀರ್ಪಿನಲ್ಲಿ ಸೇರಲಿಲ್ಲ.)

"ರೀ, ನನ್ನ ತಮ್ಮನ್ನ ಕರೀಲಾ?" ಎಂದಳು ಹೆಂಡತಿ. ತಮ್ಮ ಎಲೆಕ್ಟ್ರೀಷಿಯನ್, ಕೆಲಸದಲ್ಲಿ ಗಟ್ಟಿಗ, ಬಾಯಲ್ಲಿ ಇನ್ನೂ ಗಟ್ಟಿಗ.

"ಬೇಡವೇ ಬೇಡ! ನಾನು ಫ್ಯಾನಿನ ರೆಕ್ಕೆ ತಲೆಕೆಳಗು ಹಾಕಿದ್ದನ್ನ ಆರು ವರ್ಷ ಆದ್ರೂ ಬಿಟ್ಟಿಲ್ಲ ಅವನು. ಎಲ್ಲರೂ ಊಟಕ್ಕೆ ಕೂತಾಗಲೇ ಅವನಿಗೆ ಅದು ನೆನಪಾಗತ್ತೆ. ಇದೊಂದು ಗೊತ್ತಾದ್ರೆ ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ."

"ಸರಿ ಬಿಡಿ, ನಾನೇ ನೋಡ್ತೀನಿ. ಯಾರಿಗೂ ಬಾಯಿಬಿಡಲ್ಲ, ಆಯ್ತಾ?"

ರಜೆಯ ಬೆಳಿಗ್ಗೆ ಅವಳು ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದಳು. ಬಲ್ಬಿನ ಕಡೆ ತಿರುಗಿಯೂ ನೋಡಲಿಲ್ಲ. ಯಜಮಾನರನ್ನು ಮೇಲಿನ ಸ್ವಿಚ್ಚಿನ ಹತ್ತಿರ ನಿಲ್ಲಿಸಿ, ತಾನು ಕೆಳಗೆ ನಿಂತು, "ಒತ್ತಿ... ಈಗ ಬಿಡಿ... ನಾನು ಒತ್ತಿದೀನಿ, ಈಗ ನೀವು" ಎನ್ನುತ್ತ ಒಂದೊಂದನ್ನೂ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಳು.

"ಎರಡು ಸ್ವಿಚ್ಚಿಗೆ ನಾಲ್ಕು ಥರ ಆಗತ್ತೆ. ಎರಡರಲ್ಲಿ ಉರೀಬೇಕು. ಇಲ್ಲಿ ಒಂದರಲ್ಲೇ ಉರೀತಿದೆ. ಬಲ್ಬು ಪಾಪ ಏನು ಮಾಡತ್ತೆ? ಗಂಟು ಸ್ವಿಚ್ಚಲ್ಲಿದೆ."

ಯಜಮಾನರು ಬಾಯಿ ತೆರೆದುಕೊಂಡು ನಿಂತರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಂಥ ವಿದ್ಯುದ್ವಿಶಾರದೆಯ ಜೊತೆ ಬಾಳುತ್ತಿದ್ದೇನೆಂದು ಅವರಿಗೆ ಗೊತ್ತೇ ಇರಲಿಲ್ಲ. ಅವಳು ಮೇನ್ ಆಫ್ ಮಾಡಿದಳು, ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡಳು, ಎರಡೂ ಸ್ವಿಚ್ ಬಿಚ್ಚಿದಳು.

"ಇದೇನ್ರೀ, ಒಂದು ತೋಳಿಗೆ ಮೂರು ಗುಂಡಿ, ಇನ್ನೊಂದಕ್ಕೆ ಎರಡೇ? ಕೆಳಗೆ ಮೂರು ವೈರು. ಮೇಲೆ ಎರಡು. ಮೂರನೇದು ಟೇಪು ಸುತ್ಕೊಂಡು ಮೂಲೇಲಿ ಮಲಗಿದೆ!"

ಯಜಮಾನರ ಮುಖ ಸಪ್ಪಗಾಯಿತು. ಸಡಿಲಾಗಿದ್ದ ಮೇಲಿನ ಸ್ವಿಚ್ಚನ್ನು ಎರಡು ವಾರದ ಹಿಂದೆ ಬದಲಾಯಿಸಿದವರು ಅವರೇ. ಅಂಗಡಿಯಿಂದ ತಂದ ಹೊಸದರಲ್ಲಿ ಎರಡೇ ಸ್ಕ್ರೂ ಇದ್ದವು. ಇಪ್ಪತ್ತೈದು ವರ್ಷದಿಂದ ಹೆಚ್ಚಾದ ಅಕ್ಷರ, ಹೆಚ್ಚಾದ ಪದ, ಹೆಚ್ಚಾದ ಸಾಲು ಹೊಡೆದುಹಾಕಿಯೇ ಸಂಬಳ ಎಣಿಸಿದವರು ಅವರು. ಮೂರನೆಯ ವೈರನ್ನೂ ಅದೇ ಕಣ್ಣಿನಿಂದ ನೋಡಿದ್ದರು.

"ಅದು... ಹೆಚ್ಚಾಗಿತ್ತು," ಎಂದರು ಮೆಲ್ಲಗೆ.

ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆದರೆ ಒಂದು ಕೊಂಕು ಮಾತೂ ಆಡಲಿಲ್ಲ. "ಹೋಗಿ, ಮೆಟ್ಟಿಲಿಗೆ ಹಾಕೋ, ಮೂರು ಸ್ಕ್ರೂ ಇರೋ ಟೂ-ವೇ ಸ್ವಿಚ್ ಅಂತ ಕೇಳಿ ತನ್ನಿ" ಎಂದಳಷ್ಟೆ. ತಂದುಕೊಟ್ಟ ಹತ್ತು ನಿಮಿಷಕ್ಕೆ ಮೂರೂ ವೈರು ಅದರದರ ಜಾಗಕ್ಕೆ ಸೇರಿದವು. ಮೇಲೆ ಒತ್ತಿದರೂ ಬೆಳಕು, ಕೆಳಗೆ ಒತ್ತಿದರೂ ಬೆಳಕು. ಯಜಮಾನರು ಮಗುವಿನ ಹಾಗೆ ಏಳು ಸಲ ಹತ್ತಿಳಿದರು. ಹೆಮ್ಮೆಯಿಂದ ಅವರ ಎದೆ ತುಂಬಿಬಂತು. ಇಂಥ ಹೆಂಗಸಿನ ಜಾಣತನವನ್ನು ನಾಲ್ಕು ಗೋಡೆಯೊಳಗೆ ಮುಚ್ಚಿಡುವುದು ಘೋರ ಅನ್ಯಾಯವೆನಿಸಿತು. ಈ ವಿದ್ಯೆಯ ಬೆಲೆ ತಿಳಿದವರಿಗೇ ಹೇಳಬೇಕೆಂದು ಫೋನ್ ಎತ್ತಿಕೊಂಡರು.

"ಏನಪ್ಪಾ, ನಿಮ್ಮಕ್ಕನ್ನ ಏನಂತ ತಿಳ್ಕೊಂಡಿದ್ದೀಯ? ನಮ್ಮ ಮೆಟ್ಟಿಲ ದೀಪ ಕೆಟ್ಟಿತ್ತು. ಗೋಡೆ ಮೇಲೆ ಲೆಕ್ಕ ಹಾಕಿ, ಮೂರನೇ ವೈರು ಕಿತ್ತು ಟೇಪು ಸುತ್ತಿಟ್ಟಿದ್ದನ್ನ ಪಟ್ ಅಂತ ಹಿಡಿದುಬಿಟ್ಟಳು! ನಿನ್ನ ಕೈಲಿ ಆಗ್ತಿತ್ತಾ?"

ಆ ಕಡೆಯಿಂದ ಭಾವಮೈದುನ ಕೇಳಿದ:

"ಅಕ್ಕ ಜಾಣೆ, ನಂಗೊತ್ತು ಭಾವ. ಆ ವೈರು ಕಿತ್ತು ಟೇಪು ಸುತ್ತಿದ್ದು ಯಾರು?"

ಯಜಮಾನರು ಫೋನನ್ನು ಕಿವಿಯಿಂದ ದೂರ ಹಿಡಿದರು. ಅದರೊಳಗಿನ ನಗು ಅಡುಗೆಮನೆಯವರೆಗೂ ಕೇಳಿಸಿತು.

"ನೋಡಿ ಮತ್ತೆ," ಹೆಂಡತಿ ಅಲ್ಲಿಂದಲೇ ಕೂಗಿದಳು, "ನಾನಂತೂ ಯಾರಿಗೂ ಹೇಳಿಲ್ಲ!"